ಅಕ್ಕ ಮನೆ ಸಾರಿಸಿದಳು

ತಾಯಿಯ ಮಮತೆಗೆ ಬೆಲೆ ಕಟ್ಟಲಾಗುವುದಿಲ್ಲ ಎಂದು ಹಿರಿಯರು ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ. ನಾನು ರೋಣದ ಉಪಖಜಾನೆಯಲ್ಲಿ ಗುಮಾಸ್ತನಾಗಿ ಸೇರಿ, ಅಲ್ಲೇ ಕೂದಲು ಉದುರಿಸಿಕೊಂಡು ನಿವೃತ್ತನಾದವನು. ನನಗೆ ತಿಳಿದ ಮಟ್ಟಿಗೆ, ಬೆಲೆ ಕಟ್ಟಲಾಗದ ಯಾವುದಕ್ಕೂ ಸರ್ಕಾರ ಬಿಲ್ಲು ಪಾಸು ಮಾಡುವುದಿಲ್ಲ. ಹಿರಿಯರ ಮಾತು ಸುಳ್ಳೆಂದಲ್ಲ. ಅವರಿಗೆ ಬಜೆಟ್ಟಿನ ಪರಿಚಯ ಕಡಿಮೆ, ಅಷ್ಟೇ.

ನನಗೆ ಆ ಪರಿಚಯ ಚೆನ್ನಾಗಿಯೇ ಇತ್ತು. ಅದನ್ನು ಇಟ್ಟುಕೊಂಡು ನಾನು ಏನು ಮಾಡಿದೆ ಎಂಬುದೇ ಈ ಬರಹ.

ನನ್ನ ಅಕ್ಕ ಗಜೇಂದ್ರಗಡದಲ್ಲಿ ಸೀರೆ ನೇಯುತ್ತಿದ್ದಳು. ಗಂಡ ಬೇಗ ತೀರಿಕೊಂಡಿದ್ದ. ಇದ್ದವಳು ಒಬ್ಬಳೇ ಮಗಳು. ಹುಟ್ಟುವಾಗ ಏನೋ ತೊಡಕಾಗಿ ಆ ಹುಡುಗಿಯ ಕೈಕಾಲು ಸೆಟೆದುಕೊಂಡಿದ್ದವು. ಕುತ್ತಿಗೆ ನಿಲ್ಲಲಿಲ್ಲ, ಮಾತು ಬರಲಿಲ್ಲ. ಹುಬ್ಬಳ್ಳಿಯ ದವಾಖಾನೆಯಲ್ಲಿ ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರು ಹೇಳಿ ಕಳಿಸಿದರು. ಅಕ್ಕ ಆ ಹೆಸರನ್ನು ಬಸ್ಸಿನಲ್ಲೇ ಬಿಟ್ಟು ಬಂದಳು. ಇಟಗಿಗೆ ಹೋಗಿ ಭೀಮಾಂಬಿಕೆಯ ಗುಡಿಯಲ್ಲಿ ಹರಕೆ ಹೊತ್ತಳು. ಆಮೇಲೆ ಯಾರು ಕೇಳಿದರೂ "ಆಕಿ ಇರೂದ ಹಂಗರೀ" ಎಂದು ಹೇಳಿ ಮಾತು ಮುಗಿಸುತ್ತಿದ್ದಳು. ಹುಡುಗಿ ಎಂದು ಬಾಯಿಗೆ ಬರುತ್ತದೆ; ನಾನು ನಿವೃತ್ತನಾಗುವ ಹೊತ್ತಿಗೆ ಆ ಹುಡುಗಿಯ ಬೈತಲೆಯಲ್ಲೂ ಬಿಳಿ ಕೂದಲು ಕಾಣಿಸಿಕೊಂಡಿದ್ದವು.

ಅಕ್ಕನದು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವುದು. ಕುಣಿಯ ಪಕ್ಕದಲ್ಲಿ ಕೌದಿ ಹಾಸಿ ಮಗಳನ್ನು ಮಲಗಿಸಿರುತ್ತಿದ್ದಳು. ಮಗ್ಗ ನಡೆಯುತ್ತಿದ್ದರೆ ನೆಲ ಸಣ್ಣಗೆ ಅದುರುತ್ತದೆ. ಆ ಅದುರು ಬೆನ್ನಿಗೆ ತಾಗುತ್ತಿರುವಷ್ಟು ಹೊತ್ತು ಹುಡುಗಿ ತೊಲೆಗಳನ್ನು ನೋಡುತ್ತ ನಗುತ್ತಿದ್ದಳು. ಎಚ್ಚರವಿದ್ದಾಗ ಮಗ್ಗ ನಿಂತು ಸ್ವಲ್ಪ ಹೊತ್ತಾಯಿತೋ, ಮೈ ಬಿಲ್ಲಿನಂತೆ ಬಾಗಿಸಿ ಕಿರುಚಲು ಶುರು. ತಲೆಯನ್ನು ನೆಲಕ್ಕೆ ಬಡಿದುಕೊಳ್ಳುತ್ತಿದ್ದಳು. ಹೀಗಾಗಿ ಅಕ್ಕ ಮಗ್ಗದ ಮೇಲೆಯೇ ರೊಟ್ಟಿ ಮುರಿದು ತಿಂದಳು, ಮಗ್ಗದ ಮೇಲೆಯೇ ಜ್ವರ ಕಳೆದಳು. ಮಗಳನ್ನು ತೊಳೆದು, ಉಣಿಸಿ, ಮಗ್ಗುಲು ತಿರುಗಿಸಿ ಮತ್ತೆ ಕುಣಿಗೆ ಇಳಿಯುವುದು. ಓಣಿಯ ಜನ ಗಡಿಯಾರ ನೋಡುವುದನ್ನು ಬಿಟ್ಟು ಅಕ್ಕನ ಮಗ್ಗದ ಸಪ್ಪಳ ಕೇಳಿ ಸಮಯ ಹೇಳುತ್ತಿದ್ದರು. ಸಪ್ಪಳ ನಿಂತರೆ ಯಾರಾದರೊಬ್ಬರು ಬಾಗಿಲಲ್ಲಿ ಇಣುಕಿ, "ಯಾಕವಾ, ಆರಾಮ ಅದೀರಿಲ್ಲೋ?" ಎಂದು ಕೇಳುತ್ತಿದ್ದರು.

ಸರ್ಕಾರ ಏನೂ ಮಾಡಿರಲಿಲ್ಲ ಎಂದರೆ ಸುಳ್ಳಾದೀತು. ಹುಡುಗಿಗೆ ಮಾಸಾಶನ ಬರುತ್ತಿತ್ತು. ಆದರೆ ಮಾಸಾಶನ ಯಾರನ್ನೂ ಮಗ್ಗುಲು ತಿರುಗಿಸುವುದಿಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆ ಆದಾಗ ನನ್ನ ಹೆಂಡತಿ ಕರ್ನಾಟಕದ ಅರ್ಧ ಗುಡಿಗಳನ್ನು ನೋಡಿ ಬಂದಳು. ಅಕ್ಕ ಒಂದು ಸಲವೂ ಹತ್ತಲಿಲ್ಲ. ಹತ್ತಬೇಕಾದರೆ ಮಗ್ಗ ನಿಲ್ಲಿಸಬೇಕಿತ್ತು.

ನಾನು ಸೋದರಮಾವ. ನಮ್ಮ ಕಡೆ ಸೋದರಮಾವನೆಂದರೆ ಸಣ್ಣ ಹುದ್ದೆಯಲ್ಲ. ಪಂಚಮಿಗೆ, ದೀಪಾವಳಿಗೆ ಸೀರೆ ಒಯ್ದು ಕೊಡುತ್ತಿದ್ದೆ. ಅಕ್ಕ ಅದನ್ನು ಅಂದೇ ಮಗಳಿಗೆ ಉಡಿಸುತ್ತಿದ್ದಳು. ನಾನು ಚಹಾ ಕುಡಿಯುವುದರೊಳಗೆ ಆ ಸೀರೆ ತೊಳೆಯಲು ಹೋಗುತ್ತಿತ್ತು. ಸೋದರಮಾವನ ಕರ್ತವ್ಯ ಅಲ್ಲಿಗೆ ಸಂಪೂರ್ಣವಾದಂತೆ ಭಾವಿಸಿ ನಾನು ರೋಣದ ಬಸ್ಸು ಹತ್ತುತ್ತಿದ್ದೆ.

ಅಕ್ಕನ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ಗೊತ್ತಾದ ವರ್ಷ ನಾನು ಸೀರೆ ಕೊಟ್ಟು ಎದ್ದಾಗ ಆಕೆ ಕುಣಿಯಿಂದಲೇ ಕೇಳಿದಳು.

"ತಮ್ಮಾ, ನನ್ನ ಹಿಂದ ಇಕಿನ್ನ ಯಾರ ನೋಡ್ತಾರ?"

"ಯಾಕ, ನಾ ಇಲ್ಲೇನು?"

"ನೀ ಅದೀ ಖರೇ. ಇಕಿ ಮುಟ್ಟಾದ್ರ ಅರಿವಿ ಬದಲ ಮಾಡ್ತೀ ಏನು?"

ನನ್ನ ಹೆಂಡತಿಗೆ ಮೊಣಕಾಲು ನೋವು. ತನ್ನನ್ನು ತಾನು ಎತ್ತಿಕೊಳ್ಳುವುದೇ ಒಂದು ಕೆಲಸ. ಸೊಸೆ ಶಾಲೆಗೆ ಹೋಗುವ ಟೀಚರು. ಅಕ್ಕ ಇದನ್ನೆಲ್ಲ ನನಗಿಂತ ಮೊದಲೇ ಎಣಿಸಿ ನೋಡಿದ್ದಳು. ದೂರಿನ ದನಿ ಇರಲಿಲ್ಲ. ನೂಲು ಸಾಲುತ್ತದೋ ಇಲ್ಲವೋ ಎಂದು ವಿಚಾರಿಸುವ ದನಿಯಲ್ಲೇ ಮುಂದುವರಿಸಿದಳು.

"ಇಲ್ಲೇ ಹತ್ರದಾಗ ಇಂಥಾವ್ರನ್ನ ಇಟಗೊಳ್ಳೂ ಒಂದ್ ಮನಿ ಇದ್ರ ಚಲೋ ಇತ್ತು. ನನ್ನ ಕೈಕಾಲಾಗ ಶಕ್ತಿ ಇರೂದ್ರಾಗ ಕೈಯಾರೆ ಒಯ್ದು ಬಿಡ್ತಿದ್ನಿ. ಒಂದೆರಡ ತಿಂಗಳು ನಾನೂ ಅಲ್ಲೇ ಕುಂತು, ಹ್ಯಾಂಗ ಉಣಸಬೇಕು, ಹ್ಯಾಂಗ ಮಲಗಸಬೇಕು, ಅವ್ರಿಗೆ ತೋರಿಸಿ ಕೊಟ್ಟು, ಆಮ್ಯಾಲ ಸತ್ರೂ ನಡೀತಿತ್ತು."

ಅಂಥ ಮನೆ ಎಲ್ಲಿದೆ ಎಂದು ವಿಚಾರಿಸಿದೆ. ರೋಣ, ನರಗುಂದ, ಗಜೇಂದ್ರಗಡ, ನಮ್ಮ ಈ ಮೂರೂ ತಾಲೂಕುಗಳಲ್ಲಿ ಇರಲಿಲ್ಲ. ಇದ್ದದ್ದು ಬಹಳ ದೂರ. ಅಕ್ಕ ಮಗ್ಗ ಬಿಟ್ಟು ಅಲ್ಲಿ ಹೋಗಿ ಕೂತರೆ ಆಕೆಗೆ ಅನ್ನ ಹಾಕುವವರಿರಲಿಲ್ಲ, ಇರಗೊಡುವವರೂ ಇರಲಿಲ್ಲ.

ಖಜಾನೆಯಲ್ಲಿ ಕೂತವನಿಗೆ ಒಂದು ಭ್ರಮೆ ಬರುತ್ತದೆ. ಹಣ ಯಾವ ದಾರಿಯಲ್ಲಿ ಬರುತ್ತದೆ ಎಂಬುದು ಗೊತ್ತಿದ್ದರೆ ಅದನ್ನು ನಮ್ಮ ಕಡೆ ತಿರುಗಿಸಲೂ ಬರುತ್ತದೆ ಎಂದುಕೊಳ್ಳುತ್ತಾನೆ. ಬೆಂಗಳೂರಿನಲ್ಲಿ ಬಜೆಟ್ ಓದುವುದು ಬೇಸಿಗೆಯ ಬಾಗಿಲಲ್ಲಿ. ಆದರೆ ಅದರ ಅಡುಗೆಗೆ ಇಲಾಖೆಗಳಲ್ಲಿ ಒಲೆ ಹಚ್ಚುವುದು ದೀಪಾವಳಿಯ ಸುಮಾರಿಗೆ. ಆಗ ನಮ್ಮ ಬೇಡಿಕೆ ಇಲಾಖೆಯ ಪ್ರಸ್ತಾವನೆಯೊಳಗೆ ಸೇರಬೇಕು. ಸೇರಿದರೆ ಅದಕ್ಕೊಂದು ಲೆಕ್ಕಶೀರ್ಷಿಕೆ ಸಿಗುತ್ತದೆ. ಲೆಕ್ಕಶೀರ್ಷಿಕೆ ಎಂಬ ಹೆಸರಿನ ಕೆಳಗೆ ತೋರಿಸದೆ ಸರ್ಕಾರದ ಒಂದು ರೂಪಾಯಿಯೂ ಎದ್ದು ನಡೆಯುವುದಿಲ್ಲ. ಇಷ್ಟು ಜ್ಞಾನವನ್ನು ತಲೆಯಲ್ಲಿಟ್ಟುಕೊಂಡು ನಾನು ಒಂದು ಸಮಿತಿ ಕಟ್ಟಿದೆ.

ಸಮಿತಿ ದೊಡ್ಡದೇನಲ್ಲ. ನರಗುಂದದ ಒಬ್ಬ ಅಡತಿ ಸಾಹುಕಾರರು, ಕಾಳುಕಡಿಯ ದಲ್ಲಾಳಿಗಳು, ಅಧ್ಯಕ್ಷರು. ಯಾಕೆಂದರೆ ಕುರ್ಚಿಗಳು ಅವರವು. ಅವರ ಮಗ ಆಳೆತ್ತರ ಬೆಳೆದಿದ್ದ, ಬುದ್ಧಿ ಮಾತ್ರ ಎರಡು ವರ್ಷದ ಕೂಸಿನದು. ಸಿಟ್ಟು ಬಂದರೆ ಕಾಳಿನ ಚೀಲ ಹರಿದು, ಎದುರಿಗಿದ್ದವರನ್ನು ಕಚ್ಚುತ್ತಿದ್ದ. ಇನ್ನೊಬ್ಬಳು ಯಾವಗಲ್‌ನವಳು, ಮಂದಿ ಹೊಲದಲ್ಲಿ ಕೂಲಿ ಮಾಡುವವಳು. ಆಕೆಯ ಮಗನ ಮೈಯೊಳಗಿನ ಶಕ್ತಿ ವರ್ಷದಿಂದ ವರ್ಷಕ್ಕೆ ಸೋರಿಹೋಗಿ, ಈಗ ಕುತ್ತಿಗೆಯ ಮೇಲಿನ ಭಾಗ ಮಾತ್ರ ಉಳಿದಿತ್ತು. ನಾನು ಕಾರ್ಯದರ್ಶಿ. ಅಕ್ಕ ಸದಸ್ಯೆ, ಸಭೆಗೆ ಒಮ್ಮೆಯೂ ಬರದ ಸದಸ್ಯೆ.

ಸಭೆ ಸೇರುತ್ತಿದ್ದದ್ದು ಸಾಹುಕಾರರ ಅಡತಿ ಅಂಗಡಿಯಲ್ಲಿ, ಕಡಲೆ ಚೀಲಗಳ ನಡುವೆ.

"ಖಜಾನಿ ಸಾಹೇಬ್ರ," ಎನ್ನುತ್ತಿದ್ದರು ಸಾಹುಕಾರರು, "ಇಷ್ಟ ವರ್ಷ ಮಂದಿ ಬಿಲ್ಲಿಗೆ ತಕರಾರು ಹಾಕಿ ವಾಪಸ್ ಕಳಿಸಿದ್ರಿ. ಈಗ ನಿಮ್ಮ ಬಿಲ್ಲು ಹೊಂಟೈತಿ ನೋಡ್ರಿ. ದೇವರ ಕಣ್ ಮುಚ್ಚಿಲ್ಲ."

"ಸಾವ್ಕಾರ್ರ, ದೇವರ ಮಾತು ಠರಾವಿನ್ಯಾಗ ಬರಕೊಳ್ಳಾಕ ಆಗೂದಿಲ್ಲ. ಮುಂದಿನ ವಿಷಯಕ್ಕ ಬರ್ರಿ."

"ಮುಂದಿನ ವಿಷಯ ಚಾ."

ಯಾವಗಲ್ಲಿನ ಹೆಣ್ಣುಮಗಳು ಇದನ್ನೆಲ್ಲ ಕೇಳುತ್ತ ಗೋಡೆಗೆ ಒರಗಿ ಕೂರುತ್ತಿದ್ದಳು. ಒಮ್ಮೆ ಮಾತ್ರ ಬಾಯಿ ಬಿಟ್ಟಳು. "ಎಪ್ಪಾ, ನೀವು ಬರಿಯೂದು ಬರೀರಿ. ಲಗೂನ ಆಗೂ ಹಂಗ ಬರೀರಿ."

ಬರೆದೆವು. ಜಿಲ್ಲಾ ಕಚೇರಿಗೆ ಹೋದೆವು. ಶಾಸಕರ ಮನೆಯ ಮುಂದಿನ ಬೇವಿನ ಮರದ ಕೆಳಗೆ ಕೂತು ಅದರ ಎಲೆಗಳ ಪರಿಚಯ ಮಾಡಿಕೊಂಡೆವು. ಕೊನೆಗೆ ಗದಗಿನಲ್ಲಿ ನಡೆದ ಬಜೆಟ್ ಪೂರ್ವಭಾವಿ ಸಭೆಯೊಂದಕ್ಕೆ ಕರೆ ಬಂತು. ರಸ್ತೆಯವರು, ಕಾಲುವೆಯವರು, ಬಸ್ ನಿಲ್ದಾಣದವರು ಎಲ್ಲರೂ ಮಾತಾಡಿ ಮುಗಿಸಿ, ಊಟದ ವಾಸನೆ ಒಳಗೆ ಬರುತ್ತಿದ್ದ ಹೊತ್ತಿಗೆ ನಮ್ಮ ಸರದಿ. ನಾನು ಖಜಾನೆಯ ಭಾಷೆಯಲ್ಲಿ ಮಾತಾಡಿದೆ. ವಿಕಲಚೇತನರ ಬಾಬ್ತಿನಲ್ಲಿ ಮಾಸಾಶನಕ್ಕೆ ಜಾಗ ಇದೆ, ತ್ರಿಚಕ್ರ ವಾಹನಕ್ಕೆ ಜಾಗ ಇದೆ, ಆದರೆ ತಾಯಿ ಸತ್ತ ಮೇಲಿನ ದಿನಕ್ಕೆ ಜಾಗ ಇಲ್ಲ ಎಂದೆ. ವೇದಿಕೆಯ ತುದಿಯಲ್ಲಿದ್ದ ಒಬ್ಬ ಅಧಿಕಾರಿಣಿ ತಲೆ ಎತ್ತಿ ನೋಡಿದರು. ಬೆಂಗಳೂರಿನಿಂದ ಬಂದವರು. ಸಭೆ ಮುಗಿದ ಮೇಲೆ ಊಟಕ್ಕೂ ಹೋಗದೆ ನಮ್ಮ ಬಳಿ ಬಂದರು.

"ಸರ್, ಇದನ್ನು ನಾನು ಮುಂದಕ್ಕೆ ಕಳಿಸುತ್ತೇನೆ. ಆದರೆ ಸ್ಥಳಕ್ಕೆ ಬಂದು ಮನೆಗಳನ್ನು ನೋಡಿ ವರದಿ ಬರೆಯಬೇಕಾಗುತ್ತದೆ. ನಾನೇ ಬರುತ್ತೇನೆ."

ಅವರು ಹೇಳಿದಂತೆ ಬಂದರು. ಇದನ್ನು ಸ್ಪಷ್ಟವಾಗಿ ಬರೆಯುತ್ತಿದ್ದೇನೆ, ಯಾಕೆಂದರೆ ಈ ಕತೆಯಲ್ಲಿ ಬೈಯಲು ಒಬ್ಬರನ್ನು ಹುಡುಕುವವರಿಗೆ ನಿರಾಸೆಯಾಗುತ್ತದೆ.

ಅವರು ಬರುವ ಸುದ್ದಿ ತಿಳಿದ ಕೂಡಲೆ ನಾನು ಮೂರೂ ಮನೆಗಳಿಗೆ ಸುತ್ತೋಲೆ ಹೊರಡಿಸಿದೆ. "ಇದ್ದದ್ದ ಇದ್ದಂಗ ಇರ್ಲಿ. ಏನೂ ಸಿಂಗಾರ ಬ್ಯಾಡ. ಅವರು ತ್ರಾಸ ನೋಡಾಕ ಬರಾಕತ್ತಾರ, ಬೀಗರ ಮನಿ ನೋಡಾಕ ಅಲ್ಲ." ಎಲ್ಲರೂ ಹೌದೌದು ಎಂದರು. ಮನೆಗೆ ದೊಡ್ಡವರು ಬರುತ್ತಾರೆಂದರೆ ನಮ್ಮ ಕಡೆಯ ಜನ ಇಂಥ ಮಾತನ್ನು ಕಿವಿಯ ಹೊರಗಡೆಯಿಂದಲೇ ಕೇಳುತ್ತಾರೆ ಎಂಬುದು ನನಗೆ ಗೊತ್ತಿರಬೇಕಿತ್ತು.

ಮೊದಲು ನರಗುಂದ. ಸಾಹುಕಾರರ ಮನೆಯಲ್ಲಿ ಶೇಂಗಾ ಹೋಳಿಗೆ, ಎಣ್ಣೆಗಾಯಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ತೀರ ಕಠಿಣ ದಿನಗಳಿಗೆಂದು ಡಾಕ್ಟರು ಕೊಟ್ಟಿದ್ದ ಗುಳಿಗೆಯನ್ನು ಮಗನಿಗೆ ಬೆಳಿಗ್ಗೆಯೇ ನುಂಗಿಸಿದ್ದರು. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಗಲ್ಲದ ಕೆಳಗೆ ಕೈಯಿಟ್ಟುಕೊಂಡು ನಿದ್ದೆ ಮಾಡುತ್ತಿದ್ದ.

"ಎಷ್ಟು ಶಾಂತವಾಗಿದ್ದಾರೆ," ಎಂದರು ಮೇಡಂ.

ಸಾಹುಕಾರರು ಹೆಮ್ಮೆಯಿಂದ ನನ್ನ ಕಡೆ ನೋಡಿದರು. ಅವರ ತೋಳಿನ ಮೇಲಿನ ಹಲ್ಲಿನ ಗುರುತು ತುಂಬುತೋಳಿನ ಅಂಗಿಯೊಳಗಿತ್ತು.

ಯಾವಗಲ್ಲಿನಲ್ಲಿ ಆ ಹೆಣ್ಣುಮಗಳು ಅಂದಿನ ಕೂಲಿ ಬಿಟ್ಟು, ಮಗ್ಗುಲ ಮನೆಯಿಂದ ಮಂಚ, ಎದುರು ಮನೆಯಿಂದ ಹೂವಿನ ಚಾದರ ಎರವಲು ತಂದು ನೆಲದ ಮೇಲೆ ಮಲಗುವ ಮಗನನ್ನು ಅದರ ಮೇಲೆ ಮಲಗಿಸಿದ್ದಳು. ಹುಡುಗ ಮಂಚದ ಎತ್ತರಕ್ಕೆ ಹೆದರಿಕೊಂಡಂತಿದ್ದ. ಮೇಡಂ ಅವನ ಹಣೆ ಮುಟ್ಟಿ, "ಊಟ ಮಾಡಿದೆಯಾ?" ಎಂದು ಕೇಳಿದರು. ಅವನು ತಾಯಿಯ ಮುಖ ನೋಡಿ, "ಹೋಳಿಗಿ ಉಂಡೇನ್ರಿ" ಎಂದ. ಆ ಮನೆಯಲ್ಲಿ ಹೋಳಿಗೆ ಬೇಯಿಸಿ ಎಷ್ಟು ಕಾಲವಾಗಿತ್ತೋ.

ಮಧ್ಯಾಹ್ನ ಗಜೇಂದ್ರಗಡಕ್ಕೆ ಬಂದೆವು. ಓಣಿಯ ತಿರುವಿನಲ್ಲೇ ಮಗ್ಗದ ಸಪ್ಪಳ ಕೇಳಿ ನನಗೆ ಸಮಾಧಾನವಾಯಿತು. ಅಕ್ಕನಾದರೂ ಮಾತು ಕೇಳಿದಳು, ಇದ್ದಂತೆ ಇದ್ದಾಳೆ ಎಂದುಕೊಂಡೆ.

ಬಾಗಿಲಲ್ಲಿ ರಂಗೋಲಿ ಇತ್ತು. ಗೋಡೆಗೆ ಹೊಸ ಸುಣ್ಣ. ನೆಲವನ್ನು ಸೆಗಣಿಯಿಂದ ಸಾರಿಸಿದ್ದ ಹಸಿವಾಸನೆ ಇನ್ನೂ ಆರಿರಲಿಲ್ಲ. ಹೊಟ್ಟೆಯಲ್ಲಿ ಗಡ್ಡೆ ಇಟ್ಟುಕೊಂಡು ಈಕೆ ಬಗ್ಗಿ ಇಡೀ ಮನೆ ಸಾರಿಸಿದ್ದಾಳೆ ಎಂಬುದು ನನಗೆ ಒಳಗೆ ಕಾಲಿಟ್ಟಾಗ ತಿಳಿಯಿತು. ಕೌದಿಯ ಮೇಲೆ ಅಕ್ಕನ ಮಗಳು, ನಾನು ಪಂಚಮಿಗೆ ಕೊಟ್ಟ ಸೀರೆಯಲ್ಲಿ. ಎಣ್ಣೆ ಹಚ್ಚಿ ಹೆಣೆದ ಜಡೆ, ಅದರಲ್ಲಿ ಸೇವಂತಿಗೆ, ಮುಖಕ್ಕೆ ಪೌಡರು. ತೊಲೆಗಳನ್ನು ನೋಡುತ್ತ ನಗುತ್ತಿದ್ದಳು. ಅಕ್ಕ ಆಕೆಯ ತಲೆಯ ಬಳಿ ಕೂತಿದ್ದಳು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು. ಆ ಕೈಗಳು ಹಾಗೆ ಖಾಲಿ ಇದ್ದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಮಗ್ಗದ ಮೇಲೆ ನೆರೆಮನೆಯ ಹೆಂಗಸು ಕೂತು ನೇಯುತ್ತಿದ್ದಳು. ಬಂದವರೆದುರು ಮಗಳು ಕಿರುಚಬಾರದು ಎಂದು ಅಕ್ಕ ಆಕೆಯನ್ನು ಕರೆದು ಕೂರಿಸಿದ್ದಳು.

"ಬರ್ರಿ ಯವ್ವಾ, ಕುಂದರ್ರಿ. ಬಿಸಲಾಗ ಬಂದೀರಿ. ಮೊದಲ ನೀರು ಕುಡೀರಿ."

ಮೇಡಂ ಹುಡುಗಿಯ ಪಕ್ಕದಲ್ಲೇ ನೆಲದ ಮೇಲೆ ಕೂತರು. ಬೈಯಲು ಸಿಗುವವರಲ್ಲ ಎಂದೆನಲ್ಲ.

"ಇವರನ್ನು ನೋಡಿಕೊಳ್ಳಲು ನಿಮಗೆ ಏನೇನು ತೊಂದರೆ ಆಗುತ್ತದೆ, ಹೇಳಿ ಅಮ್ಮಾ."

"ತೊಂದರಿ ಏನೈತ್ರಿ? ಬಂಗಾರದಂಥಾ ಮಗಳು. ಹಾಕಿದ್ದ ಉಣತಾಳ, ಹಾಸಿದಲ್ಲಿ ಮಲಗತಾಳ. ಮಂದಿ ಮಕ್ಕಳಂಗ ಎದುರುತ್ತರ ಕೊಡೂದು ಗೊತ್ತಿಲ್ಲ."

ಮೇಡಂ ನಕ್ಕರು. ನಾನು ನಡುವೆ ಬಾಯಿ ಹಾಕಿದೆ. "ಮೇಡಂ, ಅಕ್ಕನ ಹೊಟ್ಟೆಯಲ್ಲಿ—"

"ಅಂವ ಸಣ್ಣಾಂವರೀ, ಎಲ್ಲಾ ಮನಸಿಗೆ ಹಚಗೋತಾನ," ಎಂದಳು ಅಕ್ಕ. ಸಣ್ಣವನಿಗೆ ಅರವತ್ತು ದಾಟಿತ್ತು, ಸರ್ಕಾರವೇ ಮನೆಗೆ ಕಳಿಸಿತ್ತು. ಆದರೆ ಅಕ್ಕನ ಮನೆಯಲ್ಲಿ, ಅಕ್ಕನ ಅತಿಥಿಯ ಎದುರಿಗೆ, ಅಕ್ಕನ ಮಾತನ್ನು ಸುಳ್ಳು ಮಾಡುವ ಅಧಿಕಾರ ಯಾವ ತಮ್ಮನಿಗೂ ಇಲ್ಲ. ಹೊರಗೆ ಬಂದ ಮೇಲೆ ಕಾರಿನ ಬಳಿ ಹೇಳಿದರಾಯಿತು ಎಂದುಕೊಂಡೆ.

ಏಳುವಾಗ ಅಕ್ಕ, ವಿಧವೆ ಉಡಿ ತುಂಬಬಾರದೆಂಬ ಮಾತನ್ನು ಲೆಕ್ಕಿಸದೆ, ಮೇಡಂ ಅವರಿಗೆ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಒಂದು ಕುಬುಸದ ಖಣ. ಸೆರಗೊಡ್ಡಿ ನಿಂತ ಮೇಡಂ ಕಣ್ಣಲ್ಲಿ ನೀರು ಬಂತು. "ನನ್ನ ತಾಯಿ ತೀರಿಹೋದ ಮೇಲೆ ಯಾರೂ ಹೀಗೆ ಮಾಡಿರಲಿಲ್ಲ," ಎಂದರು.

ಕಾರಿನ ಬಳಿ ನಾನು ಎಲ್ಲವನ್ನೂ ಹೇಳಿದೆ: ಗಡ್ಡೆ, ಕಿರುಚಾಟ, ಮಗ್ಗ, ಎಲ್ಲ. ಮೇಡಂ ಗಮನವಿಟ್ಟು ಕೇಳಿದರು. "ನೀವು ತಮ್ಮನಾದವರು, ಸಂಕಟ ಆಗುವುದು ಸಹಜ," ಎಂದು ನನ್ನ ಕೈ ಹಿಡಿದರು. ಉಡಿಯ ಅಕ್ಕಿಯನ್ನು ಚೆಲ್ಲದ ಹಾಗೆ ಮಡಿಲಲ್ಲಿ ಹಿಡಿದುಕೊಂಡು ಕಾರು ಹತ್ತಿದರು.

ನಾನು ಒಳಗೆ ಬರುವಷ್ಟರಲ್ಲಿ ನೆರೆಯವಳು ಮಗ್ಗದಿಂದ ಎದ್ದಿದ್ದಳು. ಸೇವಂತಿಗೆಗಳು ನೆಲದ ತುಂಬ ಚೆಲ್ಲಿದ್ದವು. ಕಿರುಚಾಟದ ನಡುವೆ ಅಕ್ಕ ಮಗಳ ತಲೆಯ ಕೆಳಗೆ ತನ್ನ ಅಂಗೈ ಇಟ್ಟು, ತಾನೂ ಮಗ್ಗುಲಾಗಿ ಬಿದ್ದುಕೊಂಡು, ಇನ್ನೊಂದು ಕೈಯಲ್ಲಿ ಹೊಟ್ಟೆ ಹಿಡಿದಿದ್ದಳು. ಪಂಚಮಿಯ ಸೀರೆ ಒದ್ದೆಯಾಗಿತ್ತು.

"ಯಾಕ ಹಂಗ ಅಂದಿ ಅಕ್ಕಾ? ಎಲ್ಲಾ ಹೇಳ್ತೇನಿ ಅಂದಿದ್ದಿ."

"ಹ್ಯಾಂಗ ಹೇಳ್ಲಿ?" ಎಂದಳು ಅಕ್ಕ. "ಮಗ್ಗಲದಾಗ ಆಕೀನ ಮಲಗ್ಯಾಳ. ಇಕಿ ಹೇತಗೋತಾಳ, ಇಕಿ ನನ್ನ ಜೀವಾ ತಿಂತಾಳ ಅಂತ ಆಕೀ ಮುಂದನ ಹೇಳ್ಲೇನು? ಮಾತು ಬರೂದಿಲ್ಲ ತಮ್ಮಾ, ಕಿವಿ ಕೇಳತಾವ."

ನಾನು ಕುಣಿಗೆ ಇಳಿದು ಮಗ್ಗ ನಡೆಸಲು ನೋಡಿದೆ. ಎರಡು ಎಳೆ ಹರಿದವು. ಅಕ್ಕ ನೋವಿನಲ್ಲೂ, "ಏಳ, ನೂಲು ಕೊಟ್ಟ ಸಾವ್ಕಾರ್ರ ಸೀರಿ ಅದು," ಎಂದು ಗದರಿಸಿದಳು.

ಬಜೆಟ್ ಓದುವ ದಿನ ಅಡತಿ ಅಂಗಡಿಯಲ್ಲಿ ಟಿ.ವಿ. ಹಚ್ಚಿಕೊಂಡು ಕೂತೆವು. ಭಾಷಣ ಬಹಳ ಉದ್ದ. ರೈತರು ಬಂದರು, ನೀರಾವರಿ ಬಂತು, ಬೆಂಗಳೂರಿನ ಸುರಂಗ ಬಂತು. ಒಮ್ಮೆ 'ವಿಕಲಚೇತನ' ಎಂಬ ಶಬ್ದ ಬಂದಾಗ ಹಮಾಲರೂ ಚೀಲ ಇಳಿಸಿ ನಿಂತರು. ಆ ವಾಕ್ಯ ಬೇರೆ ಏನನ್ನೋ ಹೇಳಿ ಮುಂದೆ ಹೋಯಿತು. ಸಾಹುಕಾರರು ಕೊನೆಯವರೆಗೂ ಕೂತರು. ಟಿ.ವಿ.ಯಲ್ಲಿ ಶಾಸಕರೆಲ್ಲ ಮೇಜು ಕುಟ್ಟಿ ಎದ್ದ ಮೇಲೆ, "ನಮ್ಮದು ಹಿಂದಿನ ಪುಟದಾಗ ಇರಬೇಕ್ರಿ, ಓದಾಕ ಮರ್ತಾರ," ಎಂದರು. ಯಾವಗಲ್ಲಿನವಳು ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದಳು.

ವಾರದೊಳಗೆ ಮೇಡಂ ತಾವೇ ಫೋನು ಮಾಡಿದರು. ಕೆಲವೇ ಕಡೆ ಆರೈಕೆ ಮನೆಗಳನ್ನು ಕೊಡಲು ಸಾಧ್ಯವಾಯಿತಂತೆ. ಮನೆಯವರು ಕೈಬಿಟ್ಟವರು ಎಲ್ಲಿ ಹೆಚ್ಚೋ ಅಲ್ಲಿಗೆ ಹೋದವಂತೆ. ನಮ್ಮ ಭಾಗ 'ಕುಟುಂಬದ ಆರೈಕೆ ಉತ್ತಮ' ಎಂಬ ಪಟ್ಟಿಗೆ ಸೇರಿತ್ತು.

"ನಾನು ಕಂಡದ್ದನ್ನೇ ಬರೆದೆ ಸರ್. ನೀವು ಹೇಳಿದ್ದನ್ನೂ ಸೇರಿಸಿದ್ದೆ. ಮೇಲಿನವರು ಕಂಡದ್ದನ್ನು ಹಿಡಿದರು."

"ಸರಿ ಮೇಡಂ," ಎಂದೆ. ಅವರ ವರದಿಯಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನಾನೇ ಖಜಾನೆಯಲ್ಲಿದ್ದರೂ ಅದನ್ನು ಪಾಸು ಮಾಡುತ್ತಿದ್ದೆ.

ಅದೇ ವರದಿಯ ಫಲವಾಗಿ, ಆದರ್ಶ ತಾಯಂದಿರಿಗೆ ಸನ್ಮಾನ ಎಂದು ಗದಗಿಗೆ ಅಕ್ಕನನ್ನು ಕರೆದರು. ಮಗಳನ್ನು ಬಿಟ್ಟು ಬರಲಾಗದೆ ಅಕ್ಕ ಹೋಗಲಿಲ್ಲ. ಆಕೆಯ ಪರವಾಗಿ ಆದರ್ಶ ತಾಯಿಯಾಗಿ ನಾನೇ ವೇದಿಕೆ ಹತ್ತಿ ಶಾಲು ಹೊದಿಸಿಕೊಂಡು, ಹಣ್ಣಿನ ಬುಟ್ಟಿ ಹಿಡಿದು ಫೋಟೋಕ್ಕೆ ನಿಂತೆ. ಶಾಲನ್ನು ಒಯ್ದು ಕೊಟ್ಟಾಗ ಅಕ್ಕ ಅದರ ಜರಿಯನ್ನು ನೇಕಾರಳ ಕಣ್ಣಿನಿಂದ ತಿರುವಿ ನೋಡಿದಳು. "ನೀರು ಹೀರೂದಿಲ್ಲ ಇದು. ಇಕಿ ಕೆಳಗ ಹಾಸಾಕ ಬರೂದಿಲ್ಲ," ಎಂದು ಪಕ್ಕಕ್ಕಿಟ್ಟಳು.

ಮರುವರ್ಷ ದೀಪಾವಳಿಯ ಹೊತ್ತಿಗೆ ನಾನು ಮತ್ತೆ ಓಡಾಟ ಶುರು ಮಾಡಿದೆ. ಅಕ್ಕ ಆಗ ಅರ್ಧಕ್ಕರ್ಧ ಇಳಿದಿದ್ದಳು. ಈ ಸಲ ಇದ್ದದ್ದನ್ನು ಇದ್ದಂತೆ ತೋರಿಸೋಣ ಎಂದು ಕೈಮುಗಿದು ಕೇಳಿದೆ. ಮಗ್ಗ ನಿಲ್ಲಿಸು, ಸೀರೆ ಬದಲಿಸಬೇಡ, ಬಂದವರು ಒಂದು ತಾಸು ಕೂತು ನೋಡಲಿ, ಸಾಕು ಎಂದೆ.

ಅಕ್ಕ ಮಗ್ಗ ನಿಲ್ಲಿಸದೆಯೇ ಉತ್ತರ ಕೊಟ್ಟಳು.

"ಹೊಲಸಿನ್ಯಾಗ ಬಿದ್ದಿದ್ರ ಮನಿ ಕೊಡ್ತಾರ, ತೊಳದು ಇಟ್ರ ಕೊಡೂದಿಲ್ಲ ಅಂದ್ರ, ಅದು ಎಂಥಾ ಸರಕಾರಪಾ ನಿಮ್ದು?"

"ನನ್ನ ಸರಕಾರ ಅಲ್ಲ ಅಕ್ಕಾ. ನನ್ನ ಪಿಂಚಣಿ ಅಷ್ಟ ಅವರ ಕಡೆ ಐತಿ."

"ನನ್ನ ಮಗಳನ್ನ ಹೊಲಸ ಮಾಡಿ ತೋರ್ಸೂದಿಲ್ಲ ನೋಡು." ಆಮೇಲೆ ದನಿ ತಗ್ಗಿಸಿ, "ಬೇಕಾದ್ರ ನನ್ನ ತೋರ್ಸು. ನನ್ನ ಹೊಟ್ಟಿ ತಗದು ತೋರಸ್ತೇನಿ. ಡಾಕ್ಟರು ಏನಂದಾರ ಎಲ್ಲಾ ಹೇಳತೇನಿ. ನಂದೇನು, ನಾ ಹೋಗಾಕಿ. ಆಕೀ ಮರ್ಯಾದಿಗೆ ಕೈ ಹಚ್ಚಬ್ಯಾಡ," ಎಂದಳು.

ಅಷ್ಟಕ್ಕೆ ಆಕೆ ಒಪ್ಪಿದ್ದೇ ದೊಡ್ಡದು. ನಾನು ಅದನ್ನೇ ಹಿಡಿದುಕೊಂಡು ಹೋದೆ. ಆ ಮೇಡಂ ಬೇರೆ ಕಡೆ ವರ್ಗವಾಗಿದ್ದರು, ಅವರ ಜಾಗಕ್ಕೆ ಹೊಸಬರು ಬರುವಷ್ಟರಲ್ಲಿ ಸಂಕ್ರಾಂತಿ ಕಳೆದಿತ್ತು. ಹೊಸ ಅಧಿಕಾರಿ ಕಡತ ತರಿಸಿ ನೋಡಿ, ನಿಮ್ಮ ಭಾಗದ ವರದಿ ಈಗಾಗಲೇ ಇದೆಯಲ್ಲ ಎಂದರು. ಮತ್ತೊಮ್ಮೆ ನೋಡಬೇಕೆಂದರೆ ಬರುತ್ತೇನೆ, ಈ ಸಲದ ಪ್ರಸ್ತಾವನೆಗಳು ಹೋಗಿಬಿಟ್ಟಿವೆ, ಮುಂದಿನದಕ್ಕೆ ಸೇರಿಸೋಣ ಎಂದರು. ಮುಂದಿನದು ಎಂಬ ಶಬ್ದವನ್ನು ನಾನು ಖಜಾನೆಯಲ್ಲಿ ಎಷ್ಟೋ ಜನರಿಗೆ ಹೇಳಿದ್ದೇನೆ. ಅದರ ಉದ್ದ ಎಷ್ಟೆಂದು ಅಕ್ಕನ ಮನೆಗೆ ಹೋಗುವ ಬಸ್ಸಿನಲ್ಲಿ ಕೂತಾಗ ತಿಳಿಯಿತು.

ಅಕ್ಕ ಮುಂಗಾರಿನ ಬಿತ್ತನೆಯ ಹೊತ್ತಿಗೆ ಹೋದಳು. ಬೆಳಿಗ್ಗೆ ಮಗ್ಗದ ಸಪ್ಪಳ ನಿಂತಿತು, ಹುಡುಗಿಯ ಕಿರುಚಾಟ ಕೇಳಿಸಿತು. ಓಣಿಯವರು ಬಂದು ನೋಡಿದಾಗ ಅಕ್ಕ ಕುಣಿಯಲ್ಲಿ ಕೂತವಳು ಕೂತಂತೆಯೇ ಮಗ್ಗದ ಮೇಲೆ ಬಾಗಿದ್ದಳಂತೆ. ನಾನು ರೋಣದಿಂದ ಹೋಗಿ ತಲುಪುವವರೆಗೆ ನೆರೆಯವಳು ಹುಡುಗಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಶವ ಇರುವ ಮನೆಯಲ್ಲಿ ಮಗ್ಗ ನಡೆಸುವ ಪದ್ಧತಿ ನಮ್ಮಲ್ಲಿಲ್ಲ. ಹಿರಿಯರೊಬ್ಬರು ಆ ಕಿರುಚಾಟ ಕೇಳಲಾರದೆ, "ಇರ್ಲಿ, ನಡಸ್ರಿ ಯವ್ವಾ, ಆಕಿಗೆ ಅದ ಅಳೂದು," ಎಂದರು. ಬೇರೊಬ್ಬಳು ಕುಣಿಗೆ ಇಳಿದು, ಅಕ್ಕ ಅರ್ಧ ನೇಯ್ದಿದ್ದ ಸೀರೆಯನ್ನೇ ಮುಂದುವರಿಸಿದಳು. ಆ ಸಪ್ಪಳದಲ್ಲೇ ನಾವು ಅಕ್ಕನನ್ನು ಎತ್ತಿದೆವು.

ಅಕ್ಕನ ಮಗಳನ್ನು ನನ್ನ ಮನೆಗೆ ಕರೆತಂದೆ. ನನ್ನ ಹೆಂಡತಿ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ತೊಳೆದಳು. ಟೀಚರು ಸೊಸೆ ರಜೆ ಹಾಕಿ ತೊಳೆದಳು. ಕಿರುಚುವುದು ಮಾತ್ರ ನಿಲ್ಲಲಿಲ್ಲ. ನನಗೊಂದು ಉಪಾಯ ಹೊಳೆದು, ಗಜೇಂದ್ರಗಡದ ನೆರೆಯವಳಿಗೆ ಫೋನು ಮಾಡಿ ಮಗ್ಗದ ಸಪ್ಪಳವನ್ನು ಮೊಬೈಲಿನಲ್ಲಿ ಹಿಡಿದು ಕಳಿಸಲು ಹೇಳಿದೆ. ಹುಡುಗಿಯ ಕಿವಿಯ ಬಳಿ ಅದನ್ನು ಹಚ್ಚಿದಾಗ ತಟ್ಟನೆ ಸುಮ್ಮನಾದಳು. ಕಣ್ಣು ಅಗಲಿಸಿದಳು. ಬೆನ್ನನ್ನು ನೆಲಕ್ಕೆ ಒತ್ತಿ, ಒತ್ತಿ ನೋಡಿದಳು. ನಮ್ಮದು ಟೈಲ್ಸ್ ನೆಲ, ಅದು ಅದುರಲಿಲ್ಲ. ಆಮೇಲೆ ಆಕೆ ಅತ್ತದ್ದು ಮೊದಲಿನ ಕಿರುಚಾಟದಂತಿರಲಿಲ್ಲ. ನಾನು ಮೊಬೈಲು ಆರಿಸಿದೆ.

ಹೊಸ ಅಧಿಕಾರಿ ನಮ್ಮ ಮನೆಗೇ ಬಂದರು. ಈ ಸಲ ಯಾರೂ ಏನನ್ನೂ ಸಾರಿಸಿರಲಿಲ್ಲ. ಅವರು ಕೂರಲೂ ಇಲ್ಲ. ತಕ್ಷಣದ ಆಶ್ರಯ ಅಗತ್ಯ ಎಂದು ನಿಂತಲ್ಲೇ ಬರೆದು ಸಹಿ ಮಾಡಿದರು. ಸರ್ಕಾರಿ ಕೆಲಸ ಅಷ್ಟು ಬೇಗ ಆದದ್ದನ್ನು ನಾನು ನನ್ನ ನೌಕರಿಯಲ್ಲಿ ಕಂಡಿರಲಿಲ್ಲ. ಜಾಗ ಸಿಕ್ಕಿದ್ದು ದಕ್ಷಿಣದ ಒಂದು ಊರಿನಲ್ಲಿ. ಹೊರಟರೆ ದಿನವಿಡೀ ದಾರಿ.

ಸ್ವಚ್ಛವಾದ ಮನೆ, ಒಳ್ಳೆಯ ಜನ. ಅಲ್ಲಿನ ಆಯಾ ನನ್ನನ್ನು ಕೂರಿಸಿ ಕೇಳಿದಳು: "ಇವರಿಗೆ ಹೇಗೆ ತಿನ್ನಿಸಬೇಕು ಸಾರ್? ಯಾವ ಮಗ್ಗುಲಿಗೆ ಮಲಗಿಸಿದರೆ ನಿದ್ದೆ ಬರುತ್ತೆ?" ಅನ್ನವನ್ನು ಹಾಲಿನಲ್ಲಿ ಕಲಸಬೇಕು ಎಂದೆ. ತುತ್ತು ಇಟ್ಟು ಗಂಟಲ ಮೇಲೆ ಬೆರಳಿನಿಂದ ಸವರಬೇಕು ಎಂದೆ. ಮೇಲಿಂದ ಕೆಳಕ್ಕೋ ಕೆಳಗಿಂದ ಮೇಲಕ್ಕೋ ಎಂದು ಆಕೆ ಕೇಳಿದಳು. ಅದನ್ನು ತೋರಿಸಿಕೊಡಲು ಬರಬೇಕಾಗಿದ್ದವಳು ಅಕ್ಕ, ನಾನಲ್ಲ. ಹೊರಡುವಾಗ ಹುಡುಗಿಯ ಹಣೆ ಮುಟ್ಟಿದೆ. ಆಕೆ ತೊಲೆಗಳಿಲ್ಲದ ಆ ಬಿಳಿಯ ತಾರಸಿಯನ್ನು ನೋಡುತ್ತಿದ್ದಳು.

ಚಳಿಗಾಲದಲ್ಲಿ, ತುತ್ತು ಶ್ವಾಸನಾಳಕ್ಕೆ ಹೋಗಿ ಎದೆಯಲ್ಲಿ ಕಫ ಕಟ್ಟಿ, ಆಕೆ ಅಲ್ಲಿಯೇ ತೀರಿಕೊಂಡಳು. ಸಾಹುಕಾರರ ಮಗ ಮತ್ತು ಯಾವಗಲ್ಲಿನ ಹುಡುಗ ಮನೆಯಲ್ಲೇ ಇದ್ದಾರೆ. ಈ ವರ್ಷದ ಬಜೆಟ್ಟಿನಲ್ಲಿ ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳಿಗೆ ಆರೈಕೆ ಮನೆ ಮಂಜೂರಾಗಿಲ್ಲ.